ಮೆಡಿಕಲ್ ಶಾಪಿನವರು ತಾವು ಏನು ಹಚ್ಚುತ್ತಾರೆ, ಏನು ನುಂಗುತ್ತಾರೆ?

"ಸಾರ್, ನೀವೇ ಮೆಡಿಕಲ್ ಇಟ್ಟಿದ್ದೀರಿ. ನೀವು ಏನು ಹಚ್ತೀರಿ, ಏನು ತಗೋತೀರಿ ಹೇಳಿ, ನಮಗೂ ಅದನ್ನೇ ಕೊಡಿ." ಈ ಮಾತು ಕೇಳದ ವಾರವಿಲ್ಲ. ಮದುವೆ ಸೀಸನ್‌ನಲ್ಲಿ ಮುಖದ ಬಗ್ಗೆ ಕೇಳುತ್ತಾರೆ. ಊರಲ್ಲಿ ಯಾರಾದರೂ ಚಿಕ್ಕ ವಯಸ್ಸಿಗೇ ಹಾರ್ಟ್ ಅಟ್ಯಾಕ್ ಆಗಿ ಹೋದರೆ ಆಯಸ್ಸಿನ ಬಗ್ಗೆ ಕೇಳುತ್ತಾರೆ. ಎರಡಕ್ಕೂ ಸೇರಿಸಿ ಇಲ್ಲೇ ಹೇಳಿಬಿಡುತ್ತೇನೆ.

ಹಚ್ಚೋದು ಎರಡೇ. ಸ್ನಾನ ಆದ ತಕ್ಷಣ, ಮೈ ಇನ್ನೂ ಸ್ವಲ್ಪ ಒದ್ದೆ ಇರುವಾಗಲೇ ಕೈಕಾಲಿಗೆ ಕೊಬ್ಬರಿ ಎಣ್ಣೆ. ಬಿಸಿಲಿಗೆ ಹೋಗುವ ಮೊದಲು ಮುಖ, ಕಿವಿ, ಕುತ್ತಿಗೆಗೆ ಸನ್‌ಸ್ಕ್ರೀನ್. ಯಾವ ಕಂಪನಿದು ಅಂತ ಕೇಳಬೇಡಿ, ಅದು ಮುಖ್ಯ ಅಲ್ಲ. ಎಸ್‌ಪಿಎಫ್ ಅಂದರೆ ಬಿಸಿಲು ತಡೆಯುವ ಅಳತೆ, ಅದು 30 ಇದ್ದರೆ ಬಿಸಿಲಿನಲ್ಲಿ ಚರ್ಮ ಸುಡುವ ಯುವಿಬಿ ಕಿರಣವನ್ನು ನೂರಕ್ಕೆ ಸುಮಾರು 97 ಭಾಗ ತಡೆಯುತ್ತದೆ, 50 ಇದ್ದರೆ 98. ಆ ಒಂದು ಭಾಗಕ್ಕೆ ಎರಡು ಪಟ್ಟು ದುಡ್ಡು ಯಾಕೆ? ಅದಕ್ಕಿಂತ ಎಷ್ಟು ಹಚ್ಚುತ್ತೀರಿ ಅನ್ನೋದು ಮುಖ್ಯ. ತೋರುಬೆರಳು, ನಡುಬೆರಳು ಎರಡರ ಮೇಲೂ ಉದ್ದಕ್ಕೆ ಗೆರೆ ಎಳೆದಷ್ಟು ಬೇಕು. ನಮ್ಮವರು ಕಡಲೆಕಾಳಿನಷ್ಟು ತಗೊಂಡು ಮುಖಕ್ಕೆಲ್ಲಾ ಸವರಿ, ಕೆಲಸ ಮಾಡಲ್ಲ ಅಂತ ಬಂದು ನನ್ನನ್ನೇ ಬೈಯುತ್ತಾರೆ. ಇನ್ನೊಂದು, ಪ್ಯಾಕಿನ ಮೇಲೆ 'ಪಿಎ' ಪಕ್ಕ ಪ್ಲಸ್ ಗುರುತು ಜಾಸ್ತಿ ಇರುವುದನ್ನು ನೋಡಿ. ಅದು ಬಿಸಿಲಿನ ಇನ್ನೊಂದು ಕಿರಣ, ಯುವಿಎ, ಅದನ್ನು ತಡೆಯುವ ಲೆಕ್ಕ. ಸುಕ್ಕು ಬರೋದು ಹೆಚ್ಚಾಗಿ ಇದರಿಂದ. ಕಿಟಕಿ ಗಾಜನ್ನೂ ದಾಟಿ ಬರುತ್ತದೆ, ಹಾಗಾಗಿ ಬಸ್ಸಿನಲ್ಲಿ ಗಾಜು ಮುಚ್ಚಿ ಕೂತರೂ ತಪ್ಪುವುದಿಲ್ಲ.

ಏನು ಹಚ್ಚೋದಿಲ್ಲ ಅನ್ನೋದನ್ನ ಸ್ವಲ್ಪ ಜಾಸ್ತಿ ಹೇಳಬೇಕು.

ಮುಖದ ಮೇಲೆ ಬಂಗು ಬಂದಿರುತ್ತದೆ. ಪಕ್ಕದ ಮನೆಯವರು ಒಂದು ಟ್ಯೂಬ್ ಹೇಳಿರುತ್ತಾರೆ. ಖಾಲಿಯಾಗಿ ಚಪ್ಪಟೆಯಾದ ಆ ಟ್ಯೂಬನ್ನೇ ಸೆರಗಿನಲ್ಲಿ ಸುತ್ತಿಕೊಂಡು ತಂದು ಕೌಂಟರ್ ಮೇಲೆ ಇಡುತ್ತಾರೆ, "ಇದೇ ಕೊಡಿ". ತಿರುಗಿಸಿ ಹಿಂದೆ ಓದಿದರೆ ಮೊಮೆಟಾಸೋನ್ ಅಂತಲೋ, ಬೀಟಾಮೆಥಾಸೋನ್ ಅಂತಲೋ, ಕ್ಲೋಬೆಟಾಸಾಲ್ ಅಂತಲೋ ಇರುತ್ತದೆ. ಇವೆಲ್ಲಾ ಸ್ಟಿರಾಯ್ಡ್. ಚರ್ಮದ ಕಾಯಿಲೆಗೆ ಡಾಕ್ಟರು ಇಷ್ಟೇ ದಿನ ಅಂತ ಲೆಕ್ಕ ಹಾಕಿ ಬರೆಯುವ ಔಷಧಿ. ಇದನ್ನು ಬೆಳ್ಳಗಾಗುವ ಕ್ರೀಮ್ ಅಂತ ತಿಂಗಳುಗಟ್ಟಲೆ ತಿಕ್ಕಿದರೆ ಏನಾಗುತ್ತದೆ? ಮೊದಲ ಕೆಲವು ವಾರ ಮುಖ ಹೊಳೆಯುತ್ತದೆ, ಅಲ್ಲೇ ಎಲ್ಲರೂ ಬೀಳೋದು. ಆಮೇಲೆ ಚರ್ಮ ತೆಳ್ಳಗಾಗಿ ಕೆನ್ನೆಯಲ್ಲಿ ಸಣ್ಣ ಕೆಂಪು ನರ ಕಾಣುತ್ತದೆ, ಮೊಡವೆ ಏಳುತ್ತದೆ, ಮುಖದ ಮೇಲೆ ಕೂದಲು ಬರುತ್ತದೆ, ಬಿಸಿಲಿಗೆ ಹೋದರೆ ಉರಿ. ನಿಲ್ಲಿಸಿದರೆ ಇನ್ನೂ ಕೆರಳುತ್ತದೆ, ಹೆದರಿ ಮತ್ತೆ ಹಚ್ಚುತ್ತಾರೆ. ಆ ಸುತ್ತಿನಿಂದ ಹೊರಗೆ ಬರಲು ಚರ್ಮದ ಡಾಕ್ಟರೇ ಬೇಕು. ಇಂಥ ಕ್ರೀಮುಗಳನ್ನು ಚೀಟಿ ಇಲ್ಲದೆ ಮಾರಬಾರದು ಅಂತ ಕೇಂದ್ರ ಸರ್ಕಾರ 2018ರಲ್ಲೇ ನಿಯಮ ಬಿಗಿ ಮಾಡಿದೆ. ನಾನು ಕೊಡಲ್ಲ ಅಂದರೆ ಮುಂದಿನ ಅಂಗಡಿಗೆ ಹೋಗುತ್ತಾರೆ, ಅಲ್ಲಿ ಸಿಗುತ್ತೆ ಅಂತ ನಂಗೂ ಗೊತ್ತು. ತಮಾಷೆ ಅಂದರೆ ಬಂಗಿಗೆ ಮೊದಲು ಬೇಕಾದ್ದು ಬಿಸಿಲು ತಪ್ಪಿಸೋದು, ಅಂದರೆ ಅದೇ ಸನ್‌ಸ್ಕ್ರೀನ್ ಮತ್ತು ಒಂದು ಕೊಡೆ.

ಇನ್ನು ನುಂಗೋ ವಿಷಯ. ಚರ್ಮ ಬಿಗಿಯಾಗಿರಲಿ ಅಂತ ಜನ ತಗೊಳ್ಳುವ ಕೊಲಾಜೆನ್ ಅನ್ನೋ ಪ್ರೋಟೀನ್ ಪುಡಿ, ಮಲ್ಟಿವಿಟಮಿನ್, ಏನೂ ಇಲ್ಲ. ಕೊಲಾಜೆನ್ ಹೊಟ್ಟೆಗೆ ಹೋದ ಮೇಲೆ ಬೇರೆ ಪ್ರೋಟೀನ್ ಹಾಗೇ ಅರಗುತ್ತದೆ, ನೇರವಾಗಿ ಕೆನ್ನೆಗೆ ಹೋಗಿ ಕೂರಲ್ಲ. ಅಂಗಡಿಯವನಾಗಿ ಇದನ್ನು ಹೇಳಬಾರದು, ಒಳ್ಳೆ ಮಾರ್ಜಿನ್ ಇರುವ ಐಟಂ! ನಾನು ನುಂಗೋದು ಡಾಕ್ಟರು ಬರೆದ ಒಂದು ಬಿಪಿ ಮಾತ್ರೆ. ದಿನಾ. ಆಯಸ್ಸಿಗೆ ಅಂತ ನನ್ನ ಅಂಗಡಿಯಲ್ಲಿ ಏನಾದರೂ ಇದ್ದರೆ ಅದು ಇದೇ.

ಆದರೆ ಇದನ್ನು ನಿಲ್ಲಿಸುವಷ್ಟು ಸುಲಭವಾಗಿ ಜನ ಬೇರೆ ಯಾವುದನ್ನೂ ನಿಲ್ಲಿಸಲ್ಲ. "ನಾರ್ಮಲ್ ಬಂತು ಸಾರ್, ಬಿಟ್ಬಿಟ್ಟೆ." ನಾರ್ಮಲ್ ಬಂದಿದ್ದೇ ಮಾತ್ರೆಯಿಂದ ಅಲ್ವಾ? ಬಿಪಿ ಜಾಸ್ತಿ ಇದ್ದರೆ ತಲೆ ಸುತ್ತಬೇಕು, ಕಣ್ಣು ಮಂಜಾಗಬೇಕು ಅಂದುಕೊಂಡಿದ್ದಾರೆ. ಹೆಚ್ಚಿನವರಿಗೆ ಏನೂ ಆಗಲ್ಲ, ಸುಮ್ನೆ ಒಳಗೊಳಗೇ ಕಿಡ್ನಿ, ಹೃದಯ, ಮೆದುಳಿನ ರಕ್ತನಾಳ ಹಾಳಾಗುತ್ತಿರುತ್ತವೆ. ಉಪ್ಪು ಒಬ್ಬರಿಗೆ ದಿನಕ್ಕೆ 5 ಗ್ರಾಂ ಒಳಗಿರಲಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ಅಂದರೆ ಒಂದು ಟೀ ಚಮಚ. ಸಾರಿನ ಉಪ್ಪು, ಹಪ್ಪಳ, ಮಜ್ಜಿಗೆ ಮೆಣಸಿನಕಾಯಿ, ಸಂಜೆ ಮಿಕ್ಸ್ಚರ್, ಎಲ್ಲಾ ಇದರಲ್ಲೇ ಬರಬೇಕು. ಉಪ್ಪಿನಕಾಯಿ ಬಿಡಿ ಅಂತ ಯಾರಿಗೂ ಹೇಳಲ್ಲ, ನಾನೇ ಬಿಟ್ಟಿಲ್ಲ. ಹಪ್ಪಳ ಬಿಟ್ಟಿದ್ದೇನೆ.

ಅಡಿಕೆ ಬಗ್ಗೆಯೂ ಒಂದು ಮಾತು. ನಮ್ಮದು ಶಿವಮೊಗ್ಗ ಕಡೆ, ಇಲ್ಲಿ ಕೂತು ಇದನ್ನು ಹೇಳಿದರೆ ಸಂಬಂಧಿಕರೇ ಮಾತು ಬಿಡುತ್ತಾರೆ. ಹೊಗೆಸೊಪ್ಪು ಸೇರಿಸದೆ ಬರೀ ಅಡಿಕೆ ಹಾಕಿದರೂ ಕ್ಯಾನ್ಸರ್ ಬರಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲೇ ಹೇಳಿದೆ. ಬಾಯಿ ಮೊದಲಿನಷ್ಟು ಅಗಲ ತೆರೆಯಲು ಆಗುತ್ತಿಲ್ಲ, ಖಾರ ತಿಂದರೆ ಉರಿಯುತ್ತದೆ ಅಂದರೆ ಜೆಲ್ ಕೇಳಿಕೊಂಡು ನನ್ನ ಹತ್ತಿರ ಬರಬೇಡಿ, ದಂತ ವೈದ್ಯರ ಹತ್ತಿರ ಹೋಗಿ.

ವ್ಯಾಯಾಮ ಅಂದರೆ ನಡಿಗೆ, ಅದು ಎಲ್ಲರಿಗೂ ಗೊತ್ತಿರೋದೇ. ಅದರ ಜೊತೆಗೆ ನಾನು ರಾತ್ರಿ ಊಟಕ್ಕೆ ನೆಲದ ಮೇಲೆ ಕೂರುತ್ತೇನೆ. ಬ್ರೆಜಿಲ್‌ನಲ್ಲಿ 51ರಿಂದ 80 ವಯಸ್ಸಿನ ಸುಮಾರು 2 ಸಾವಿರ ಜನರನ್ನು ನೆಲಕ್ಕೆ ಕೂರಿಸಿ, ಎಬ್ಬಿಸಿ ನೋಡಿದ್ದರು, 2012ರಲ್ಲಿ ಅದು ಪ್ರಕಟವಾಯಿತು. ಕೈ, ಮೊಣಕಾಲು ಊರದೆ ಏಳಲು ಹೆಚ್ಚು ಕಷ್ಟಪಟ್ಟವರಲ್ಲಿ ಮುಂದಿನ ವರ್ಷಗಳಲ್ಲಿ ಸಾವು ಜಾಸ್ತಿ ಇತ್ತು. ನೆಲದ ಮೇಲೆ ಕೂತ ಮಾತ್ರಕ್ಕೆ ಆಯಸ್ಸು ಬೆಳೆಯುತ್ತದೆ ಅಂತ ಅರ್ಥ ಅಲ್ಲ, ಕಾಲಿನ ಬಲ, ಬ್ಯಾಲೆನ್ಸ್ ಎಷ್ಟಿದೆ ಅಂತ ಅದರಿಂದ ಗೊತ್ತಾಗುತ್ತದೆ, ಅಷ್ಟೇ. ಮಂಡಿ ನೋವಿರುವವರು ಪ್ರಯತ್ನ ಪಡಬೇಡಿ. ಉಳಿದವರು ಹತ್ತಿರ ಒಂದು ಕುರ್ಚಿ ಇಟ್ಟುಕೊಂಡು ನೋಡಿ.

ಬಿಪಿ ಚೆಕ್ ಮಾಡಿಸಲು ಅಂಗಡಿಗೆ ಬರುವವರಿಗೆ: ಕಾಫಿ ಕುಡಿದು ಅರ್ಧ ಗಂಟೆ ಆದ ಮೇಲೆ ಬನ್ನಿ, ಬಂದು ಐದು ನಿಮಿಷ ಸುಮ್ಮನೆ ಕೂತುಕೊಳ್ಳಿ, ಪಟ್ಟಿ ಕಟ್ಟಿದಾಗ ಮಾತಾಡಬೇಡಿ. 140/90 ದಾಟಿದರೆ ನನ್ನನ್ನು ಮಾತ್ರೆ ಕೇಳಬೇಡಿ. ಚೀಟಿಯಲ್ಲಿ ಬರೆದು ಕೊಡುತ್ತೇನೆ, ಅದನ್ನು ಡಾಕ್ಟರಿಗೆ ತೋರಿಸಿ.