ಒಂಬತ್ತೂ ಕಾಲರ ‘ಹಸಿರು ಡ್ರ್ಯಾಗನ್’: ‘ದಿ ರೈಲ್ವೇ ಚಿಲ್ಡ್ರನ್’ ಹಾದಿಯಲ್ಲಿ ಹೊರಡುವವರಿಗೆ

ಈ ಪ್ರವಾಸ ಶುರುವಾಗಬೇಕಾದ್ದು ಮನೆಯಲ್ಲಿ, ಹೊರಡುವುದಕ್ಕೆ ಎರಡು ವಾರ ಮೊದಲು. ಇಂಗ್ಲಿಷ್ ಲೇಖಕಿ ಎಡಿತ್ ನೆಸ್ಬಿಟ್ ಬರೆದ ಮಕ್ಕಳ ಕಾದಂಬರಿ ‘ದಿ ರೈಲ್ವೇ ಚಿಲ್ಡ್ರನ್’ ಪುಸ್ತಕವಾಗಿ ಬಂದದ್ದು 1906ರಲ್ಲಿ. ಒಟ್ಟು 14 ಅಧ್ಯಾಯ. ಗಟ್ಟಿಯಾಗಿ ಓದಿ ಹೇಳಿದರೆ ಒಂದೊಂದಕ್ಕೆ ಸುಮಾರು ಅರ್ಧ ಗಂಟೆ ಹಿಡಿಯುತ್ತದೆ. ರಾತ್ರಿಗೊಂದರಂತೆ ಓದಿಸಿಕೊಂಡು ಹೊರಟ ಮಕ್ಕಳು, ಈ ಕಥೆಯ ಸಿನಿಮಾ ತೆಗೆದ ಯಾರ್ಕ್‌ಶೈರಿನ ಓಕ್‌ವರ್ತ್ ನಿಲ್ದಾಣದಲ್ಲಿ ಇಳಿದಾಗ ಅಜ್ಜಿ ಊರಿಗೆ ಬಂದಂತೆ ಓಡಾಡುತ್ತಾರೆ. ಓದದೆ ಬಂದವರಿಗೆ ಅದೊಂದು ಹಳೆಯ ಪ್ಲಾಟ್‌ಫಾರ್ಮ್, ನಾಲ್ಕು ಫೋಟೋ, ಮುಂದಿನ ರೈಲು.

ಪುಸ್ತಕ ಕೊಳ್ಳುವಾಗ ಮೊದಲು ವಿಷಯಸೂಚಿ ತೆರೆದು ಅಧ್ಯಾಯ ಎಣಿಸಿ. 14 ಇಲ್ಲದಿದ್ದರೆ ಅದು ಸಂಕ್ಷಿಪ್ತ ಆವೃತ್ತಿ. ಅಂಥವುಗಳಲ್ಲಿ ಭೂಕುಸಿತ, ಕೆಂಪು ಬಾವುಟ, ಅಪ್ಪ ಮರಳಿ ಬರುವುದು ಉಳಿದಿರುತ್ತವೆ. ಮಾತಿನ ಸೊಗಸು ಹೋಗಿರುತ್ತದೆ. ನೆಸ್ಬಿಟ್ ತೀರಿಕೊಂಡದ್ದು 1924ರಲ್ಲಿ. ಹಾಗಾಗಿ ಇಂಗ್ಲೆಂಡಿನಲ್ಲೂ ನಮ್ಮಲ್ಲೂ ಮೂಲ ಕಾದಂಬರಿಯ ಹಕ್ಕುಸ್ವಾಮ್ಯ ಮುಗಿದಿದೆ, ಪ್ರಾಜೆಕ್ಟ್ ಗುಟೆನ್‌ಬರ್ಗ್ ಜಾಲತಾಣದಲ್ಲಿ ಪೂರ್ಣ ಪಠ್ಯ ಪುಕ್ಕಟೆ ಸಿಗುತ್ತದೆ. ದುಡ್ಡು ಕೊಟ್ಟು ಕೊಳ್ಳುವುದಾದರೆ ಮೊದಲ ಮುದ್ರಣಕ್ಕೆ ಸಿ. ಇ. ಬ್ರಾಕ್ ಬರೆದ ಚಿತ್ರಗಳಿರುವ ಪ್ರತಿಯನ್ನೇ ಆರಿಸಿ. ಆ ಕಾಲದ ಲಂಗ, ಟೋಪಿ, ಸಿಗ್ನಲ್ ಹೇಗಿದ್ದವೆಂದು ಮಕ್ಕಳಿಗೆ ಬೇರೆ ವಿವರಣೆಯೇ ಬೇಕಾಗುವುದಿಲ್ಲ.

ಓದುವಾಗ ಒಂದು ಸಂಗತಿ ಬಿಡಿಸಿ ಹೇಳಿ. ಲಂಡನ್ನಿನಲ್ಲಿ ಸುಖವಾಗಿದ್ದ ರಾಬರ್ಟಾ, ಪೀಟರ್, ಫಿಲಿಸ್ ಅಪ್ಪ ಇದ್ದಕ್ಕಿದ್ದಂತೆ ಕಾಣೆಯಾದ ಮೇಲೆ ಅಮ್ಮನ ಜೊತೆ ಹಳ್ಳಿಗೆ ಬರುತ್ತಾರೆ. ಅಲ್ಲಿ ಓಡಾಡುವ ರೈಲುಗಳಿಗೆ ಹೆಸರಿಡುತ್ತಾರೆ. 9.15ರ ಅಪ್ ರೈಲು ‘ಹಸಿರು ಡ್ರ್ಯಾಗನ್’, 10.07ರ ಡೌನ್ ರೈಲು ‘ವಾಂಟ್ಲಿಯ ಹಾವು’. ಬ್ರಿಟಿಷ್ ರೈಲ್ವೆಯ ರೂಢಿಯಲ್ಲಿ ಲಂಡನ್ ಕಡೆಗೆ ಹೋಗುವುದು ಅಪ್. ಅಪ್ಪ ಲಂಡನ್ನಿನಲ್ಲಿದ್ದಾನೆಂದು ನಂಬಿದ ಮಕ್ಕಳು ದಿನಾ ಬೆಳಿಗ್ಗೆ ಬೇಲಿ ಮೇಲೆ ಕೂತು ಕೈ ಬೀಸುವುದು ಅದಕ್ಕೇ. ಆ ರೈಲಿನ ಕೈಯಲ್ಲಿ ಅಪ್ಪನಿಗೆ ಪ್ರೀತಿ ಕಳಿಸುತ್ತಾರೆ. ಅಪ್, ಡೌನ್ ಎಂಬ ಮಾತು ನಮ್ಮ ರೈಲ್ವೆಯಲ್ಲೂ ಇರುವುದರಿಂದ ನಮ್ಮ ಮಕ್ಕಳಿಗೆ ಇದು ತಟ್ಟನೆ ಹೊಳೆಯುತ್ತದೆ. ಇದು ಹೊಳೆಯದಿದ್ದರೆ ಕೊನೆಯ ಅಧ್ಯಾಯದ ಅರ್ಧ ಬಲ ಹೋದಂತೆ.

ಒಂಬತ್ತನೆಯ ಅಧ್ಯಾಯವನ್ನು ಮಾತ್ರ ಅವಸರದಲ್ಲಿ ಓದಬೇಡಿ. ನಿಲ್ದಾಣದ ಪೋರ್ಟರ್ ಪರ್ಕ್ಸ್‌ನ ಹುಟ್ಟುಹಬ್ಬಕ್ಕೆ ಮಕ್ಕಳು ಊರೆಲ್ಲ ತಿರುಗಿ ಉಡುಗೊರೆ ಕೂಡಿಸುತ್ತಾರೆ. ಆತ ಅದನ್ನು ಭಿಕ್ಷೆ ಎಂದುಕೊಂಡು ಸಿಡಿಯುತ್ತಾನೆ. ಕೊಡುವವರ ಮನಸ್ಸು, ತೆಗೆದುಕೊಳ್ಳುವವರ ಮಾನ ಎರಡನ್ನೂ ಇಷ್ಟು ಹತ್ತಿರದಿಂದ ತೋರಿಸುವ ಮಕ್ಕಳ ಬರಹ ಅಪರೂಪ. ಹತ್ತನೆಯ ಅಧ್ಯಾಯದಲ್ಲಿ ಅಪ್ಪ ಸೆರೆಮನೆಯಲ್ಲಿರುವ ಗುಟ್ಟು ಹಳೆಯ ಪತ್ರಿಕೆಯ ಹಾಳೆಯಿಂದ ರಾಬರ್ಟಾಗೆ ಗೊತ್ತಾಗುತ್ತದೆ. ಏಳು ವರ್ಷಕ್ಕಿಂತ ಚಿಕ್ಕವರಿದ್ದರೆ ಇದನ್ನು ಮಲಗುವ ಹೊತ್ತಿಗೆ ಬಿಟ್ಟು ಹಗಲಲ್ಲಿ ಓದುವುದು ಒಳ್ಳೆಯದು. ಹದಿಮೂರರಲ್ಲಿ ವೈದ್ಯರು ಪೀಟರನಿಗೆ ಗಂಡು ಹೆಣ್ಣಿನ ಬಗ್ಗೆ ಹೇಳುವ ಬುದ್ಧಿಮಾತು ಇಂದಿನ ಕಿವಿಗೆ ಒಗ್ಗುವುದಿಲ್ಲ. ಹಾರಿಸದೆ ಓದಿ ಮಕ್ಕಳನ್ನೇ ಕೇಳಿ, ಒಳ್ಳೆಯ ಜಗಳ ಹುಟ್ಟುತ್ತದೆ.

ಇನ್ನು ಹಳಿಯ ವಿಷಯ. ಕಾದಂಬರಿಯ ಹಳ್ಳಿ ಯಾರ್ಕ್‌ಶೈರಿನಲ್ಲಿದೆ ಎಂದು ನೆಸ್ಬಿಟ್ ಎಲ್ಲೂ ಬರೆದಿಲ್ಲ. ಬಾಲ್ಯದಲ್ಲಿ ಅವರು ಕೆಂಟ್ ಪ್ರಾಂತದ ಹಾಲ್‌ಸ್ಟೆಡ್‌ನಲ್ಲಿ, ರೈಲು ಹಾದಿಗೆ ಹತ್ತಿರವೇ ಇದ್ದರು. ಯಾರ್ಕ್‌ಶೈರ್ ಸೇರಿದ್ದು 1970ರ ಸಿನಿಮಾದಿಂದ. ನಿರ್ದೇಶಕ ಲಯನಲ್ ಜೆಫ್ರಿಸ್‌ಗೆ ಸುರಂಗವಿರುವ ಹಬೆ ರೈಲು ಹಾದಿ ಬೇಕಿತ್ತು. ಆಗ ಬ್ರಿಟನ್ನಿನಲ್ಲಿ ಉಳಿಸಿಕೊಂಡಿದ್ದ ಹಾದಿಗಳೇ ಕೈಬೆರಳೆಣಿಕೆಯಷ್ಟು, ಸುರಂಗ ಇದ್ದದ್ದು ಕೀತ್ಲಿ ಆ್ಯಂಡ್ ವರ್ತ್ ವ್ಯಾಲಿ ರೈಲ್ವೆಯಲ್ಲಿ. 1867ರಲ್ಲಿ ತೆರೆದ ಈ ಹಾದಿಯಲ್ಲಿ ಪ್ರಯಾಣಿಕರ ಓಡಾಟ 1961ರ ಕೊನೆಗೆ ನಿಂತುಹೋಗಿತ್ತು. ಊರವರೂ ರೈಲುಪ್ರಿಯರೂ ಸಂಘ ಕಟ್ಟಿಕೊಂಡು 1968ರ ಜೂನ್‌ನಲ್ಲಿ ಮತ್ತೆ ಓಡಿಸಿದರು. ಇಂದಿಗೂ ಬಹುಮಟ್ಟಿಗೆ ಸ್ವಯಂಸೇವಕರೇ ನಡೆಸುತ್ತಾರೆ.

ಲಂಡನ್ನಿನ ಕಿಂಗ್ಸ್ ಕ್ರಾಸ್‌ನಿಂದ ಲೀಡ್ಸ್‌ಗೆ ಸುಮಾರು ಎರಡೂ ಕಾಲು ಗಂಟೆ, ಅಲ್ಲಿಂದ ಸ್ಕಿಪ್ಟನ್ ಕಡೆಯ ರೈಲಿನಲ್ಲಿ ಕೀತ್ಲಿಗೆ ಅರ್ಧ ಗಂಟೆಯೊಳಗೆ. ಹೆಸರು ಬರೆದದ್ದನ್ನು ನೋಡಿ ‘ಕೀಗ್ಲಿ’ ಎಂದು ಕೇಳಿದರೆ ಎದುರಿನವರಿಗೆ ಅರ್ಥವಾಗದೆ ಹೋಗಬಹುದು, ಅಲ್ಲಿನವರ ಬಾಯಲ್ಲಿ ಅದು ಕೀತ್ಲಿ. ಕುಟುಂಬವಾಗಿ ಹೋಗುವವರು ಫ್ಯಾಮಿಲಿ ಆ್ಯಂಡ್ ಫ್ರೆಂಡ್ಸ್ ರೈಲ್‌ಕಾರ್ಡ್ ತೆಗೆದುಕೊಂಡರೆ ದೊಡ್ಡವರಿಗೆ ಮೂರನೇ ಒಂದು ಭಾಗ, 5ರಿಂದ 15 ವರ್ಷದವರಿಗೆ ಶೇ 60 ರಿಯಾಯಿತಿ. ಐದಕ್ಕಿಂತ ಚಿಕ್ಕವರಿಗೆ ಟಿಕೆಟ್ಟೇ ಬೇಡ. ಇಲ್ಲೇ ಹಲವರು ತಪ್ಪುವುದು: ಲೀಡ್ಸ್‌ನಿಂದ ತೆಗೆದ ಟಿಕೆಟ್ ಕೀತ್ಲಿಗೆ ಮುಗಿಯುತ್ತದೆ. ಅದೇ ನಿಲ್ದಾಣದ 3 ಮತ್ತು 4ನೇ ಪ್ಲಾಟ್‌ಫಾರ್ಮ್‌ನಿಂದ ಹೊರಡುವ ಹಬೆ ರೈಲಿಗೆ ಬೇರೆಯೇ ಟಿಕೆಟ್. ದಿನವಿಡೀ ಹತ್ತಿ ಇಳಿಯಬಹುದಾದ ರೋವರ್ ಟಿಕೆಟ್ ತೆಗೆಯಿರಿ, ಒಂದು ಸಲ ಹೋಗಿಬರುವ ಟಿಕೆಟ್ಟಿನಲ್ಲಿ ಈ ಹಾದಿ ನೋಡಲಾಗದು.

ದಿನ ಗೊತ್ತುಮಾಡುವ ಮೊದಲು ವೇಳಾಪಟ್ಟಿ ನೋಡಲೇಬೇಕು. ಬೇಸಿಗೆ ರಜೆಯಲ್ಲಿ ಓಡಾಟ ಹೆಚ್ಚು, ಬೇರೆ ತಿಂಗಳುಗಳಲ್ಲಿ ಮುಖ್ಯವಾಗಿ ವಾರಾಂತ್ಯ. ಕೆಲವು ಓಟಗಳು ಡೀಸೆಲ್ಲಿನವು. ಹಬೆ ಎಂಜಿನ್ ಎಂದು ಪಟ್ಟಿಯಲ್ಲಿ ಬರೆದಿರುವ ಹೊತ್ತನ್ನೇ ಗುರುತು ಹಾಕಿಕೊಳ್ಳಿ. ಬಹಳ ಒಣಗಿದ ಬೇಸಿಗೆಯಾದರೆ ಎಂಜಿನ್ನಿನ ಕಿಡಿಯಿಂದ ಹುಲ್ಲಿಗೆ ಬೆಂಕಿ ಬೀಳುವ ಭಯಕ್ಕೆ ಹಬೆ ಎಂಜಿನ್ ನಿಲ್ಲಿಸಿ ಡೀಸೆಲ್ ಹಚ್ಚುವುದುಂಟು. ಹಿಂದಿನ ದಿನ ಇನ್ನೊಮ್ಮೆ ವಿಚಾರಿಸಿ.

ಹಾದಿ ಐದು ಮೈಲಿ, ಎಂಟು ಕಿಲೋಮೀಟರ್. ನಿಲ್ದಾಣ ಆರು: ಕೀತ್ಲಿ, ಇಂಗ್ರೋ ವೆಸ್ಟ್, ಡ್ಯಾಮೆಮ್ಸ್, ಓಕ್‌ವರ್ತ್, ಹಾವರ್ತ್, ಆಕ್ಸೆನ್‌ಹೋಪ್. ಕೀತ್ಲಿಯಿಂದ ಮೇಲಕ್ಕೆ ಏರುತ್ತ ಹೋಗುವುದರಿಂದ ಎಂಜಿನ್ ಏದುಸಿರು ಬಿಡುವುದು ಹೋಗುವಾಗ. ಬರುವಾಗ ಇಳಿಜಾರು, ಹೆಚ್ಚು ಸದ್ದಿಲ್ಲ. ಆದ್ದರಿಂದ ಹೋಗುವಾಗ ಎಂಜಿನ್ನಿಗೆ ಹತ್ತಿರದ ಬೋಗಿ ಹಿಡಿಯಿರಿ. ಕಿಟಕಿಯಿಂದ ತಲೆ ಹೊರಗೆ ಹಾಕಿದರೆ ಕಣ್ಣಿಗೆ ಕಲ್ಲಿದ್ದಲ ಪುಡಿ ಬೀಳುತ್ತದೆ, ಬಿಳಿ ಬಟ್ಟೆಯ ಗತಿ ಹೇಳಬೇಕಾಗಿಲ್ಲ. ನಡುವೆ ಎಲ್ಲೂ ಇಳಿಯದೆ ಮೊದಲು ಆಕ್ಸೆನ್‌ಹೋಪ್‌ಗೆ ಹೋಗುವುದು ಉತ್ತಮ. ಅಲ್ಲಿ ಎಂಜಿನ್ ಕಳಚಿಕೊಂಡು ಪಕ್ಕದ ಹಳಿಯಲ್ಲಿ ಸುತ್ತಿ ಬಂದು ಇನ್ನೊಂದು ತುದಿಗೆ ಸೇರುತ್ತದೆ. ಕೊಂಡಿ ಬಿಡಿಸುವವರು ಬೋಗಿ ಎಂಜಿನ್‌ಗಳ ನಡುವೆ ಇಳಿದು ಮಾಡುವ ಕೆಲಸವನ್ನು ಪ್ಲಾಟ್‌ಫಾರ್ಮ್ ಮೇಲಿಂದ ಚೆನ್ನಾಗಿ ನೋಡಬಹುದು.

ಮರಳುವಾಗ ಹಾವರ್ತ್‌ನಲ್ಲಿ ಇಳಿದು ಊಟ ಮುಗಿಸಿ. ನಿಲ್ದಾಣದಿಂದ ಊರಿನ ಮುಖ್ಯ ಬೀದಿಗೆ ಒಳ್ಳೆಯ ಏರು, ಕಲ್ಲುಹಾಸು. ಮಗುವಿನ ತಳ್ಳುಗಾಡಿ ತಂದವರು ಕಷ್ಟಪಡುತ್ತಾರೆ. ಮೇಲ್ತುದಿಯಲ್ಲಿ ಕಾದಂಬರಿಕಾರ್ತಿಯರಾದ ಬ್ರಾಂಟಿ ಸೋದರಿಯರ ಮನೆಯಿದೆ. ಸಿನಿಮಾದಲ್ಲಿ ವೈದ್ಯರ ಮನೆಯಾಗಿ ಕಾಣಿಸಿದ್ದು ಇದೇ.

ಹಾವರ್ತ್‌ನಿಂದ ಓಕ್‌ವರ್ತ್‌ಗೆ ರೈಲು ಬಿಟ್ಟು ನಡೆಯಿರಿ. ಕಾಲುದಾರಿಯ ವಿವರವಿರುವ ಕರಪತ್ರವನ್ನು ನಿಲ್ದಾಣದಲ್ಲಿ ಕೇಳಿ ಪಡೆಯಿರಿ. ನಡುವೆ ಸಿಗುವುದೇ ಮೈಥೋಮ್ಸ್ ಸುರಂಗ. ಮಕ್ಕಳು ನಿಂತು ಕೈ ಬೀಸಿದ ಹುಲ್ಲುಗಾವಲು ಸುರಂಗದ ಹಾವರ್ತ್ ಮಗ್ಗುಲಿಗೆ, ಮಣ್ಣು ಕುಸಿದ ದೃಶ್ಯ ತೆಗೆದ ಕಣಿವೆ ಓಕ್‌ವರ್ತ್ ಮಗ್ಗುಲಿಗೆ. ಸುರಂಗ ನೋಡಿದವರು ‘ಇಷ್ಟೇನಾ?’ ಎನ್ನುತ್ತಾರೆ. ನಿಜಕ್ಕೂ ಬಹಳ ಗಿಡ್ಡ, ಸಿನಿಮಾಕ್ಕಾಗಿ ಕ್ಯಾನ್ವಾಸ್ ಹೊದಿಸಿ ಉದ್ದ ಮಾಡಿದ್ದರು. ಪುಸ್ತಕದ ಮಕ್ಕಳು ಹಳಿಯ ಮೇಲೇ ನಡೆಯುತ್ತಾರೆ. ನಿಮ್ಮ ಮಕ್ಕಳಿಗೆ ಬೇಲಿ ದಾಟಬಾರದೆಂದು ಹೊರಡುವ ಮೊದಲೇ ಹೇಳಿಡಿ. ಇದು ರೈಲು ಓಡುವ ಹಾದಿ, ತಿರುವಿನಲ್ಲಿ ಎಂಜಿನ್ ಹತ್ತಿರ ಬರುವವರೆಗೂ ಸದ್ದು ಕೇಳಿಸದೆ ಇರಬಹುದು.

ಓಕ್‌ವರ್ತ್‌ಗೆ ಕಡಿಮೆಯೆಂದರೆ ಒಂದು ಗಂಟೆ ಕೊಡಿ, ಎರಡು ರೈಲು ಬಂದುಹೋಗುವಷ್ಟು. ಗ್ಯಾಸ್ ದೀಪ, ತಗಡಿನ ಜಾಹೀರಾತು, ಪಕ್ಕದಲ್ಲೇ ಲೆವೆಲ್ ಕ್ರಾಸಿಂಗ್ ಗೇಟು. ಇಳಿದವರೆಲ್ಲ ಹೊರಟುಹೋದ ಮೇಲಿನ ಹತ್ತು ನಿಮಿಷವೇ ಇಲ್ಲಿ ಪಡೆಯಬೇಕಾದ್ದು. ರೈಲು ಹೋದಮೇಲೂ ಹಬೆ ಸ್ವಲ್ಪ ಹೊತ್ತು ಪ್ಲಾಟ್‌ಫಾರ್ಮ್ ಮೇಲೇ ತೇಲುತ್ತಿರುತ್ತದೆ, ತಣ್ಣಗಿನ ದಿನವಾದರೆ ಇನ್ನೂ ದಟ್ಟವಾಗಿ. ಅಪ್ಪ ಆ ಹಬೆಯೊಳಗಿಂದ ಕಾಣಿಸಿಕೊಳ್ಳುವ ದೃಶ್ಯ ತೆಗೆದದ್ದು ಇಲ್ಲೇ. ಬಿಸಿಲಿರುವ ಜುಲೈಗಿಂತ ಮೋಡದ ಅಕ್ಟೋಬರ್ ಈ ಜಾಗಕ್ಕೆ ಹೆಚ್ಚು ಒಪ್ಪುತ್ತದೆ. ಜುಲೈಯಲ್ಲಿ ಹೋದರೂ ಸ್ವೆಟರ್, ಮಳೆಯಂಗಿ ಬಿಡಬೇಡಿ.

ಸಿನಿಮಾದಲ್ಲಿ ಹಸಿರು ಡ್ರ್ಯಾಗನ್ ಆಗಿ ಓಡಿದ್ದು ಲ್ಯಾಂಕಶೈರ್ ಆ್ಯಂಡ್ ಯಾರ್ಕ್‌ಶೈರ್ ರೈಲ್ವೆಯ 957ನೇ ಎಂಜಿನ್. ಆ ರೈಲಿನಿಂದ ಮಕ್ಕಳಿಗೆ ಮರಳಿ ಕೈ ಬೀಸುವ ಮುದುಕ ಸಜ್ಜನರ ಬೋಗಿಯಾಗಿ ಬಂದದ್ದು ನಾರ್ತ್ ಈಸ್ಟರ್ನ್ ರೈಲ್ವೆ ನಿರ್ದೇಶಕರ ಸಲೂನ್, ಅಂದರೆ ಅವರಿಗೆಂದೇ ಮಾಡಿದ ಖಾಸಗಿ ಬೋಗಿ. ಮೈಸೂರಿನ ರೈಲು ವಸ್ತುಸಂಗ್ರಹಾಲಯದಲ್ಲಿ ಮಹಾರಾಣಿಯವರ ಸಲೂನ್ ನೋಡಿದ ಮಕ್ಕಳಿಗೆ ಸಲೂನ್ ಎಂದರೇನೆಂದು ಹೇಳಿಕೊಡಬೇಕಿಲ್ಲ. ಸಿನಿಮಾದ ಆ ಎಂಜಿನ್ನೂ ಬೋಗಿಯೂ ಪ್ರತಿದಿನ ನೋಡಲು ಸಿಗುವುದಿಲ್ಲ, ಮೊದಲೇ ಪತ್ರ ಬರೆದು ಕೇಳಿ.

ರಂಗದ ಮೇಲೆ ನೋಡುವುದು ಅದೃಷ್ಟದ ಮಾತು, ಏಕೆಂದರೆ ಇದು ವರ್ಷವಿಡೀ ನಡೆಯುವ ನಾಟಕವಲ್ಲ. ಮೈಕ್ ಕೆನ್ನಿ ರೂಪಾಂತರ ಮೊದಲು ಆಡಿದ್ದು 2008ರಲ್ಲಿ, ಯಾರ್ಕಿನ ನ್ಯಾಷನಲ್ ರೈಲ್ವೆ ಮ್ಯೂಸಿಯಂನಲ್ಲಿ. 2010ರಲ್ಲಿ ಯೂರೋಸ್ಟಾರ್ ರೈಲುಗಳು ಬಿಟ್ಟುಹೋಗಿದ್ದ ಲಂಡನ್ನಿನ ವಾಟರ್‌ಲೂ ನಿಲ್ದಾಣದ ಪ್ಲಾಟ್‌ಫಾರ್ಮ್‌ಗಳಿಗೆ ಬಂತು, 2011ರಲ್ಲಿ ಲಂಡನ್ ರಂಗಭೂಮಿಯ ಒಲಿವಿಯರ್ ಪ್ರಶಸ್ತಿ ಪಡೆಯಿತು. ಆಮೇಲೆ ಕಿಂಗ್ಸ್ ಕ್ರಾಸ್ ಬಳಿ 2017ರ ಜನವರಿವರೆಗೆ ನಡೆಯಿತು. 2025ರ ಬೇಸಿಗೆಯಲ್ಲಿ ಬ್ರಾಡ್‌ಫರ್ಡ್ ಬ್ರಿಟನ್ನಿನ ಸಂಸ್ಕೃತಿ ನಗರವಾದಾಗ ಪ್ರೇಕ್ಷಕರನ್ನು ಕೀತ್ಲಿಯಿಂದ ಹಬೆ ರೈಲಿನಲ್ಲೇ ಆಕ್ಸೆನ್‌ಹೋಪ್‌ಗೆ ಕರೆದೊಯ್ದು ಅಲ್ಲಿನ ಶೆಡ್ಡಿನಲ್ಲಿ ನಾಟಕ ತೋರಿಸಿದರು. ಮುಂದಿನ ಪ್ರಯೋಗ ಘೋಷಣೆಯಾದರೆ ಮೊದಲು ನಾಟಕದ ಟಿಕೆಟ್, ಆಮೇಲೆ ವಿಮಾನದ್ದು.

ಈ ಪ್ರಯೋಗದಲ್ಲಿ ಪ್ರೇಕ್ಷಕರು ಹಳಿಯ ಎರಡೂ ಬದಿ ಎದುರುಬದುರು ಕೂರುತ್ತಾರೆ. ನಡುವಿನ ಹಳಿಯ ಮೇಲೆ ಚಕ್ರದ ವೇದಿಕೆಗಳನ್ನು ತಳ್ಳಿ ತಂದು ಮನೆ, ನಿಲ್ದಾಣ, ಗುಡ್ಡ ಕಟ್ಟುತ್ತಾರೆ. ಆಟ ಉದ್ದಕ್ಕೆ ಹರಡಿರುವುದರಿಂದ ಮೂಲೆಯ ಸೀಟಿನಲ್ಲಿ ಕೂತವರಿಗೆ ಆ ತುದಿಯ ಮಾತು ದೂರವಾಗುತ್ತದೆ. ಯಾವ ಬದಿಯಾದರೂ ಸರಿ, ಉದ್ದದ ನಟ್ಟನಡುವೆ ನಾಲ್ಕೈದು ಸಾಲು ಮೇಲಿನ ಸೀಟು ಹುಡುಕಿ. ನಿಜವಾದ ಎಂಜಿನ್ ಒಳಗೆ ಬರುವ ಕ್ಷಣಕ್ಕೆ ಸೀಟಿಯ ಸದ್ದು, ಹೊಗೆ ಜೋರು; ಪುಟ್ಟ ಮಕ್ಕಳಿಗೆ ಮುಂಚೆಯೇ ಕಿವಿಯಲ್ಲಿ ಹೇಳಿ. ವಾಟರ್‌ಲೂನಲ್ಲಿ ಬಂದ ಎಂಜಿನ್ 1870ರ ಸ್ಟರ್ಲಿಂಗ್ ಸಿಂಗಲ್. ಅದರಲ್ಲಿ ಹಬೆ ಇರಲಿಲ್ಲ, ಹಿಂದಿನಿಂದ ಡೀಸೆಲ್ ಎಂಜಿನ್ ತಳ್ಳುತ್ತಿತ್ತು. ಆ ಸ್ಟರ್ಲಿಂಗ್ ಸಿಂಗಲ್ ಯಾರ್ಕ್ ಮ್ಯೂಸಿಯಂನ ಆಸ್ತಿ. ಅಲ್ಲಿಗೆ ಪ್ರವೇಶ ಉಚಿತ, ಲೀಡ್ಸ್‌ನಿಂದ ಯಾರ್ಕ್‌ಗೆ ಅರ್ಧ ಗಂಟೆ. ಎಂಟು ಅಡಿ ವ್ಯಾಸದ ಅದರ ಚಕ್ರದ ಪಕ್ಕ ಮಗುವನ್ನು ನಿಲ್ಲಿಸಿ ನೋಡಿ.

ನಾಟಕ ಸಿಗದ ವರ್ಷ ಮನೆಯಂಗಳದಲ್ಲೋ ಕನ್ನಡ ಸಂಘದ ಹಬ್ಬದಲ್ಲೋ ನೀವೇ ಆಡಬಹುದು. ಕೆನ್ನಿ ನಾಟಕಕ್ಕೆ ಅನುಮತಿ ಬೇಕು. ನೆಸ್ಬಿಟ್ ಕಾದಂಬರಿಯಿಂದ ನೇರವಾಗಿ ಕನ್ನಡಕ್ಕೆ ತಂದುಕೊಳ್ಳಲು ಯಾರನ್ನೂ ಕೇಳಬೇಕಿಲ್ಲ. ಹಳಿಯ ಮೇಲೆ ಮಣ್ಣು ಕುಸಿದದ್ದು ಕಂಡು ಮಕ್ಕಳು ಕೆಂಪು ಲಂಗ ಹರಿದು ಬಾವುಟ ಬೀಸಿ ರೈಲು ನಿಲ್ಲಿಸುವ ಆರನೆಯ ಅಧ್ಯಾಯವೊಂದೇ ಸಾಕು. ಕುರ್ಚಿಗಳನ್ನು ಎರಡು ಸಾಲು ಎದುರುಬದುರು ಹಾಕಿ ನಡುವೆ ಎರಡು ಮೀಟರ್ ಓಣಿ ಬಿಡಿ. ರೈಲನ್ನು ತೋರಿಸಲು ಹೋಗಬೇಡಿ. ರಟ್ಟಿನ ಎಂಜಿನ್ ಬಂದೊಡನೆ ಜನ ನಗುತ್ತಾರೆ, ದೀಪ ಮತ್ತು ಸದ್ದು ಹತ್ತಿರ ಬಂದರೆ ಉಸಿರು ಬಿಗಿಹಿಡಿಯುತ್ತಾರೆ. ಎರಡು ಕೆಂಪು ಫ್ಲಾನೆಲ್ ಲಂಗ, ಒಂದೊಂದನ್ನು ಮೂರು ತುಂಡು ಹರಿದರೆ ಆರು ಬಾವುಟ. ಹರಿಯುವ ಸದ್ದು ಕೇಳಬೇಕು, ಆದ್ದರಿಂದ ಅಂಚಿನಲ್ಲಿ ಕತ್ತರಿಯಿಂದ ಮೊದಲೇ ಸ್ವಲ್ಪ ಕತ್ತರಿಸಿಡಿ. ಪುಸ್ತಕದಲ್ಲಿ ಇರುವಂತೆಯೇ ಎರಡನ್ನು ಕಲ್ಲುಗುಡ್ಡೆಯಲ್ಲಿ ನೆಡಿ, ಹುಡುಗಿಯರಿಗೆ ಒಂದೊಂದು, ಪೀಟರನ ಎರಡೂ ಕೈಗೆ ಎರಡು.