ಶ್ರದ್ಧಾಂಜಲಿಗೆ ಕರಡಿ ಅಕ್ಷರ

"ದಪ್ಪ ಇದ್ರ ದೂರಿಂದ ಕಾಣ್ತಾವ್ರಿ ಸರ."

ಫ್ಲೆಕ್ಸ್ ಅಂಗಡಿ ಹುಡುಗನ ಈ ಮಾತು ಮೊನ್ನೆಯಿಂದ ತಲೆಯಲ್ಲೇ ಕೂತಿದೆ. ದೊಡ್ಡಪ್ಪನ ಶ್ರದ್ಧಾಂಜಲಿ ಬ್ಯಾನರ್ ಕೊಪ್ಪಳದ ಅಶೋಕ ಸರ್ಕಲ್‌ನಲ್ಲಿ ಕಟ್ಟಬೇಕಿತ್ತು. ಕಂಪ್ಯೂಟರಿನಲ್ಲಿ ನೋಡಿದರೆ ದೊಡ್ಡಪ್ಪನ ಫೋಟೊ, ಪಕ್ಕದಲ್ಲಿ ದೀಪ, ಮೇಲೆ 'ಭಾವಪೂರ್ಣ ಶ್ರದ್ಧಾಂಜಲಿ' ಅಂತ ಕೆನ್ನೆ ಉಬ್ಬಿಸಿಕೊಂಡ ದುಂಡು ಅಕ್ಷರ. ಹಳದಿ ಬಣ್ಣ, ಕೆಂಪು ಔಟ್‌ಲೈನ್. ಯಾರದೋ ಹುಟ್ಟುಹಬ್ಬದ ಫೈಲಿನಲ್ಲೇ ದೊಡ್ಡಪ್ಪನನ್ನು ಕೂರಿಸಿದ್ದ ಪುಣ್ಯಾತ್ಮ.

ಫಾಂಟಿನ ಹೆಸರು ಬಲೂ ತಮ್ಮ. ಮುಂಬೈನಲ್ಲಿ ಅಕ್ಷರ ವಿನ್ಯಾಸ ಮಾಡುವ ಏಕ್ ಟೈಪ್‌ನವರು ಮಾಡಿದ್ದು, ಪುಕ್ಕಟೆ ಸಿಗುತ್ತದೆ. ಬಲೂ ಅಂದರೆ ಕರಡಿ. ತೆಲುಗಿನಲ್ಲಿ ತಮ್ಮುಡು, ತಮಿಳಿನಲ್ಲಿ ತಂಬಿ, ಗುಜರಾತಿಯಲ್ಲಿ ಭಾಯಿ, ಹೀಗೆ ಭಾಷೆಗೊಬ್ಬ ಕರಡಿ ಇದ್ದಾನೆ. ದರೋಜಿ ಕರಡಿಧಾಮದ ಈ ಸೀಮೆಯವರಿಗೆ ಕರಡಿ ಏನೂ ಹೊಸದಲ್ಲ ಬಿಡಿ. ಮಕ್ಕಳ ಪುಸ್ತಕಕ್ಕೆ, ಐಸ್‌ಕ್ರೀಂ ಅಂಗಡಿಗೆ ಹೇಳಿ ಮಾಡಿಸಿದ ಫಾಂಟ್ ಅದು. ಮೊದಲ ತಮ್ಮನಿಗೆ ಒಂದೇ ಮೈಕಟ್ಟು. ಆಮೇಲೆ ಬಂದ 'ತಮ್ಮ 2'ರಲ್ಲಿ ಸಾಧಾರಣದಿಂದ ಹಿಡಿದು ಐದು ದಪ್ಪಗಳಿವೆ. ಅಂಗಡಿಯ ಕಂಪ್ಯೂಟರಿನಲ್ಲಿದ್ದವನು ಹಳೇ ತಮ್ಮ.

ಫಾಂಟನ್ನು ಬೈಯುವುದು ಅನ್ಯಾಯ. ಆ ದಪ್ಪದಲ್ಲೂ ಭ, ಧಗಳ ಹೊಟ್ಟೆ ಸೀಳಿದ್ದು ಕಾಣುವಂತೆ ಫಾಂಟ್ ಮಾಡಿದವರು ಜಾಗ ಬಿಟ್ಟಿದ್ದಾರೆ. ಇವನು ಅದರ ಮೇಲೆ ಔಟ್‌ಲೈನ್ ಹಾಕಿದ್ದೇ ತಡ, ಸೀಳು ಮುಚ್ಚಿ 'ಬಾವಪೂರ್ಣ ಶ್ರದ್ದಾಂಜಲಿ' ಆಯಿತು. ಸಾಲದ್ದಕ್ಕೆ ಸಾಲುಗಳನ್ನು ಒತ್ತಿ ಕೂರಿಸಿದ್ದರಿಂದ ಒತ್ತಕ್ಷರಗಳು ದೊಡ್ಡಪ್ಪನ ಹೆಸರಿನ ತಲೆಕಟ್ಟಿನ ಮೇಲೆ ಕಾಲಿಟ್ಟಿದ್ದವು. ಕನ್ನಡಕ್ಕೆ ಸಾಲಿನ ಕೆಳಗೂ ಸಂಸಾರವಿದೆ. ದಪ್ಪ ಮಾಡಿದಷ್ಟೂ ನಡುವೆ ಜಾಗ ಬೇಕು.

"ಸ್ವಲ್ಪ ತೆಳ್ಳಂದು ಹಾಕಪಾ," ಅಂದೆ.

"ತೆಳ್ಳಗ ಹಾಕಿದ್ರ ಗಿರಾಕಿ ಜಗಳಕ್ಕ ಬರ್ತಾರ್ರಿ. ಚದರಡಿ ಲೆಕ್ಕದಾಗ ರೊಕ್ಕ ಕೊಟ್ಟೀವಿ, ಇಷ್ಟ್ಯಾಕ ಖಾಲಿ ಬಿಟ್ಟಿ ಅಂತಾರ. ದಪ್ಪ ಇದ್ರ ದೂರಿಂದ ಕಾಣ್ತಾವ್ರಿ."

ಹುಡುಗ ಜಾಣ, ಕೈ ಚುರುಕು. ರುಚಿ ಕೆಡಿಸಿದ್ದು ನಮ್ಮಂಥ ಗಿರಾಕಿಗಳೇ. ಆದರೂ ದೂರದಿಂದ ಕಾಣುತ್ತವೆಯೇ? ಸಂಜೆ ಸರ್ಕಲ್‌ನಲ್ಲಿ ನಿಂತು ನೋಡಿದೆ. ಶುಭಾಶಯ, ಸ್ವಾಗತ, ಕೋಚಿಂಗ್ ಕ್ಲಾಸು, ಸೀರೆ ರಿಯಾಯಿತಿ, ಎಲ್ಲವೂ ದಪ್ಪ. ಹಾಗಾಗಿ ಒಂದೂ ಕಣ್ಣಿಗೆ ನಿಲ್ಲುವುದಿಲ್ಲ. ದಪ್ಪ ಅಕ್ಷರಕ್ಕೆ ಬೆಲೆ ಬರುವುದು ಪಕ್ಕದಲ್ಲಿ ಸಣಕಲೊಂದು ಇದ್ದಾಗ. ಅಲ್ಲೇ ಗವಿಮಠದ ಬೆಟ್ಟದಲ್ಲಿ ಅಶೋಕನ ಶಾಸನವಿದೆ. ಸಾಮ್ರಾಟನ ಮಾತೇ ಆದರೂ ಬ್ರಾಹ್ಮಿ ಲಿಪಿಯ ಗೀಟೆಲ್ಲ ಒಂದೇ ಹದ. ಅವನ ಹೆಸರಿನ ಸರ್ಕಲ್‌ನಲ್ಲಿ ನಾವು ಸಾವನ್ನೂ ಹಳದಿಯಲ್ಲಿ ಕೂಗುತ್ತೇವೆ.

ಕೊನೆಗೆ ರಾಜಿಯಾಯಿತು. 'ಶ್ರದ್ಧಾಂಜಲಿ' ಸಾದಾ ಅಕ್ಷರದಲ್ಲಿ, ಬಿಳಿ. ದೊಡ್ಡಪ್ಪನ ಹೆಸರು ಮಾತ್ರ ದಪ್ಪ, ಔಟ್‌ಲೈನ್ ಇಲ್ಲ. ಪ್ರಿಂಟಿಗೆ ಕೊಡುವಷ್ಟರಲ್ಲಿ ಚಿಕ್ಕಪ್ಪನ ಮಗ ಬಂದ. ಬರುವ ಚುನಾವಣೆಗೆ ನಿಲ್ಲುವ ಆಸೆ ಇಟ್ಟುಕೊಂಡವನು. ದೊಡ್ಡಪ್ಪನ ಹೆಸರನ್ನು ನೋಡಿದನೋ ಇಲ್ಲವೋ, ಕೆಳಗೆ 'ದುಃಖತಪ್ತರು' ಪಟ್ಟಿಯಲ್ಲಿ ಬೆರಳಿಟ್ಟ.

"ಅಣ್ಣಾ, ನನ್ನ ಹೆಸರೊಂದು ಆ ದಪ್ಪಂದರಾಗ ಇರ್ಲಿ."