ರಾಣಿಪುರಂ: ಹನ್ನೆರಡಕ್ಕೆ ಇಳಿಯಲು ಶುರು ಮಾಡುವುದು ಅಂತ ತೀರ್ಮಾನ

ಅಡಿಕೆ ಕೊಯ್ಲು ಜೋರಾದರೆ ಆಮೇಲೆ ಯಾರೂ ಕೈಗೆ ಸಿಗುವುದಿಲ್ಲ. ಹಾಗಾಗಿ ನವೆಂಬರ್ ಎರಡನೇ ವಾರವೇ ಕಾಸರಗೋಡು ಜಿಲ್ಲೆಯ ರಾಣಿಪುರಂ ಗುಡ್ಡ ಹತ್ತಲಿಕ್ಕೆ ಹೋಗುವುದು ಅಂತ ಮಾತಾಗಿದೆ. ಐದು ಜನ. ನಾನು, ನನ್ನ ಹೆಂಡತಿ, ಪುತ್ತೂರಿನ ಭಾವ (ಅಕ್ಕನ ಗಂಡ), ಅವರ ಮಗಳು, ಮತ್ತೆ 63 ವರ್ಷದ ಚಿಕ್ಕಪ್ಪ. ಕಳೆದ ವರ್ಷವೂ ಇದೇ ಐದು ಜನ ಹೋಗಿದ್ದೆವು. ಆ ಕಥೆ ಹೇಳದೆ ಈ ವರ್ಷದ ಪ್ಲಾನ್ ಹೇಳಿದರೆ ಯಾರಿಗೂ ಅರ್ಥವಾಗಲಿಕ್ಕಿಲ್ಲ.

ಕಳೆದ ಸಲ ಅಕ್ಟೋಬರ್ ಕೊನೆ. ಬದಿಯಡ್ಕದಿಂದ ಆರಕ್ಕೆ ಹೊರಡುವುದು ಅಂತ ಹೇಳಿ ಏಳೂವರೆಗೆ ಹೊರಟೆವು. ಕಾಞಂಗಾಡಿನಲ್ಲಿ ಪುಟ್ಟು ಕಡಲೆ ತಿನ್ನಲಿಕ್ಕೆ ಮುಕ್ಕಾಲು ಗಂಟೆ. ಅಲ್ಲಿಂದ ಮೇಲೆ 48 ಕಿಲೋಮೀಟರ್, ರಾಜಪುರಂ, ಪನತ್ತಡಿ ಅಂತ ತಿರುವು ಮೇಲೆ ತಿರುವು. ಅಕ್ಕನ ಮಗಳಿಗೆ ವಾಂತಿ ಬಂತು ಅಂತ ಎರಡು ಕಡೆ ನಿಲ್ಲಿಸಿದೆವು. ಅಂತೂ ಟಿಕೆಟ್ ಕೌಂಟರಿನ ಎದುರು ನಿಂತಾಗ ಹನ್ನೆರಡು ಹೊಡೆದಿತ್ತು.

ಕೌಂಟರಿನಲ್ಲಿದ್ದವರು ನಮ್ಮ ಕಾಲು ನೋಡಿ "ಅಟ್ಟ ಉಂಡ್" ಅಂದರು. ಭಾವನಿಗೆ ಮಲಯಾಳ ಬರುವುದಿಲ್ಲ, ತುಳು ಬರುತ್ತದೆ. ಅಟ್ಟ ಅಂದರೆ ಅಟ್ಟ, ಉಂಡು ಅಂದರೆ ಇದೆ! ಮೇಲೆ ಎಲ್ಲೋ ನೋಡಲಿಕ್ಕೆ ಅಟ್ಟ ಕಟ್ಟಿದ್ದಾರೆ, ಅಲ್ಲಿ ಕೂತು ಊಟ ಮಾಡುವ ಅಂತ ಖುಷಿಯಲ್ಲಿ ಮುಂದೆ ನಡೆದರು. ಹತ್ತು ನಿಮಿಷದಲ್ಲಿ ಅವರ ಎಡಗಾಲಿನ ಬೆರಳ ಸಂದಿನಲ್ಲಿ ಮೂರು ಉಂಬಳ. ಮಲಯಾಳದಲ್ಲಿ ಅಟ್ಟ ಅಂದರೆ ಅದೇ, ಜಿಗಣೆ. ನೂಲಿನಷ್ಟು ತೆಳ್ಳಗೆ ಹತ್ತಿದ್ದು ಬಿಡುವಾಗ ಹುಣಸೆ ಬೀಜದಷ್ಟು ದಪ್ಪ ಆಗಿತ್ತು. ನೋವು ಏನೂ ಇಲ್ಲ, ಆದರೆ ಅದರ ಎಂಜಲಿನಲ್ಲಿ ನೆತ್ತರು ಹೆಪ್ಪುಗಟ್ಟದ ಹಾಗೆ ಮಾಡುವ ಅಂಶ ಇದೆಯಲ್ಲ, ಹಾಗಾಗಿ ಬಿಟ್ಟ ಮೇಲೂ ಅರ್ಧ ಗಂಟೆ ಸುರಿಯುತ್ತಲೇ ಇತ್ತು. ಭಾವನ ಬಿಳಿ ಸಾಕ್ಸ್ ಮನೆಗೆ ವಾಪಸು ಬರಲಿಲ್ಲ.

ಆದರೆ ತೊಂದರೆ ಆದದ್ದು ಉಂಬಳದಿಂದ ಅಲ್ಲ. ತುಲಾ ತಿಂಗಳ ಮಳೆ ಗೊತ್ತಲ್ವಾ, ಬೆಳಿಗ್ಗೆ ಕನ್ನಡಿಯ ಹಾಗೆ ಆಕಾಶ, ಮಧ್ಯಾಹ್ನ ಕಳೆದರೆ ಮೂಡು ದಿಕ್ಕಿನಲ್ಲಿ ಕಪ್ಪು ಕಟ್ಟಿ ಗುಡುಗು. ನಾವು ಕಾಡು ದಾಟಿ ಮೇಲಿನ ಬೋಳು ಹುಲ್ಲುಗುಡ್ಡಕ್ಕೆ ಕಾಲಿಟ್ಟದ್ದು ಎರಡು ಗಂಟೆಗೆ. ಸರಿಯಾದ ಹೊತ್ತಿಗೇ ಹೋದ ಹಾಗಾಯಿತು. ಅಲ್ಲಿ ಎಲ್ಲಕ್ಕಿಂತ ಎತ್ತರದ ವಸ್ತು ಅಂದರೆ ನಾವೇ. ಅದರ ಮೇಲೆ ಚಿಕ್ಕಪ್ಪನ ಕೈಯಲ್ಲಿ ಕಬ್ಬಿಣದ ಕಡ್ಡಿಯ ಕೊಡೆ. ಮಿಂಚಿಗೂ ಗುಡುಗಿಗೂ ನಡುವೆ ಎಷ್ಟು ಸೆಕೆಂಡ್ ಅಂತ ಹೆಂಡತಿ ಎಣಿಸುತ್ತಿದ್ದಳು. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ಲೆಕ್ಕ. ಇಪ್ಪತ್ತು ಇದ್ದದ್ದು ಒಂಬತ್ತಕ್ಕೆ ಬಂತು. ಬುತ್ತಿ ಬಿಚ್ಚದೆ ಓಡಿದೆವು. ಇಳಿಜಾರಿನಲ್ಲಿ ಒದ್ದೆ ಬೇರಿನ ಮೇಲೆ ಕಾಲಿಟ್ಟು ಚಿಕ್ಕಪ್ಪ ಜಾರಿದರು, ಪಾದದ ಗಂಟು ಉಳುಕಿತು. ಆಮೇಲೆ ಒಬ್ಬೊಬ್ಬರೇ ಹೆಗಲು ಕೊಟ್ಟು, ಕೂತು, ಎದ್ದು, ಕೆಳಗೆ ಮುಟ್ಟುವಾಗ ಕಾಡಿನೊಳಗೆ ಕತ್ತಲೆ. ಹೊರಗೆ ಇನ್ನೂ ಬೆಳಕಿತ್ತು, ಅದೇ ತಮಾಷೆ. ದಟ್ಟ ಮರಗಳ ಕೆಳಗೆ ಅರ್ಧ ಮುಕ್ಕಾಲು ಗಂಟೆ ಮೊದಲೇ ರಾತ್ರಿ ಆಗುತ್ತದೆ.

ನಾವು ಕೆಟ್ಟದ್ದು ದೂರದ ಲೆಕ್ಕ ನಂಬಿ. ಹತ್ತಲಿಕ್ಕೆ ಬರೇ ಎರಡೂವರೆ ಕಿಲೋಮೀಟರ್, ನಮ್ಮ ಮನೆಯಿಂದ ರೇಷನ್ ಅಂಗಡಿಗೆ ಹೋಗಿ ಬಂದಷ್ಟು ಅಂತ ಭಾವ ಹೇಳಿದ್ದರು. ಈ ಸಲ ಕೂತು ಲೆಕ್ಕ ಹಾಕಿದೆ. 1892ರಲ್ಲಿ ನೈಸ್ಮಿತ್ ಅಂತ ಸ್ಕಾಟ್ಲೆಂಡಿನವರೊಬ್ಬರು ಒಂದು ಸೂತ್ರ ಕೊಟ್ಟಿದ್ದಾರೆ. ಐದು ಕಿಲೋಮೀಟರಿಗೆ ಒಂದು ಗಂಟೆ, ಮತ್ತೆ ಹತ್ತುವ ಪ್ರತಿ 600 ಮೀಟರ್ ಎತ್ತರಕ್ಕೆ ಇನ್ನೊಂದು ಗಂಟೆ. ಏರು 300 ಮೀಟರ್ ಅಂತಿಟ್ಟುಕೊಂಡರೂ ಒಂದು ಗಂಟೆಯಲ್ಲಿ ಮೇಲೆ ಮುಟ್ಟಬೇಕು. ನಮಗೆ ಎರಡು ಗಂಟೆ ಹಿಡಿಯಿತು. ಆ ಪುಣ್ಯಾತ್ಮರಿಗೆ ಉಂಬಳವೂ ಗೊತ್ತಿಲ್ಲ, ಪ್ರತಿ ಮರದ ಬುಡದಲ್ಲಿ ನಿಂತು "ಇದು ನಮ್ಮ ಬನದಲ್ಲಿ ಇತ್ತು" ಅನ್ನುವ ಚಿಕ್ಕಪ್ಪನೂ ಗೊತ್ತಿಲ್ಲ. ಹಾಗಾಗಿ ನಮ್ಮ ಲೆಕ್ಕ: ಸೂತ್ರ ಹೇಳಿದ್ದರ ಎರಡು ಪಟ್ಟು, ಚಿಕ್ಕಪ್ಪನ ಕಾಲಿನ ವೇಗದಲ್ಲಿ.

ಈಗ ಎಲ್ಲವನ್ನೂ ಹಿಂದಿನಿಂದ ಎಣಿಸುತ್ತಾ ಬಂದಿದ್ದೇನೆ. ಹನ್ನೆರಡಕ್ಕೆ ಎಲ್ಲಿದ್ದರೂ ಸರಿ, ತುದಿ ಮುಟ್ಟದಿದ್ದರೂ ಸರಿ, ಅಲ್ಲಿಂದ ಇಳಿಯುವುದು. ಹಾಗಾದರೆ ಒಂಬತ್ತಕ್ಕಾದರೂ ಹತ್ತಲು ಶುರು ಮಾಡಬೇಕು. ಹಾಗಾದರೆ ಬದಿಯಡ್ಕ ಬಿಡುವುದು ಐದಕ್ಕೆ, ಪುಟ್ಟು ಕಾರಿನಲ್ಲೇ. ಭಾವ ಹಿಂದಿನ ರಾತ್ರಿಯೇ ನಮ್ಮಲ್ಲಿಗೆ ಬಂದು ಮಲಗುವುದು, ಇದರಲ್ಲಿ ರಿಯಾಯಿತಿ ಇಲ್ಲ.

ಹೊರಡುವ ಹಿಂದಿನ ದಿನ ಅರಣ್ಯದವರಿಗೆ ಒಂದು ಫೋನ್ ಮಾಡಿ ದಾರಿ ತೆರೆದಿದೆಯಾ ಅಂತ ಕೇಳಬೇಕು. ಆಚೆ ತಲಕಾವೇರಿ ವನ್ಯಧಾಮದ ಕಾಡು, ಈಚೆ ಪನತ್ತಡಿ ಕಾಡು, ಆನೆಗೆ ಕೊಡಗು ಯಾವುದು ಕೇರಳ ಯಾವುದು ಅಂತ ಇಲ್ಲ. ಅವು ಓಡಾಡುವಾಗ ಮೇಲೆ ಬಿಡುವುದಿಲ್ಲ. ಬಿಡದಿದ್ದರೆ ಬೇಕಲ ಕೋಟೆ ನೋಡಿ ವಾಪಸು. ಜಗಳ ಮಾಡುವುದು ಬೇಡ ಅಂತ ಭಾವನಿಗೆ ಈಗಲೇ ಹೇಳಿಟ್ಟಿದ್ದೇನೆ.

ಕಾಲಿಗೆ ಅಕ್ಕನ ಮಗಳ ಐಡಿಯಾ ಚೆನ್ನಾಗಿದೆ. ಅವಳ ಶಾಲೆಯ ಹುಡುಗರು ಆಟಕ್ಕೆ ಹಾಕುವ, ಅಡಿಯಲ್ಲಿ ಗುಬುಟು (ಉಬ್ಬು) ಇರುವ ಫುಟ್‌ಬಾಲ್ ಶೂ. ಕೆಸರು ಮಣ್ಣಿಗೆ ದುಬಾರಿ ಟ್ರೆಕ್ಕಿಂಗ್ ಶೂಗಿಂತ ಅದೇ ಹಿಡಿಯುತ್ತದೆ ಅಂತ ನನಗೂ ಅನಿಸುತ್ತದೆ. ಬಂಡೆ ಮೇಲೆ ಮಾತ್ರ ಜಾಗ್ರತೆ. ಪ್ಯಾಂಟು ಸಾಕ್ಸಿನೊಳಗೆ. ಸಾಕ್ಸಿಗೆ ಹೊಗೆಸೊಪ್ಪು ನೆನೆಸಿದ ನೀರು, ಅದು ಚಿಕ್ಕಪ್ಪನ ಇಲಾಖೆ. ಹತ್ತಿದ್ದನ್ನು ಎಳೆದು ಕೀಳಬಾರದು, ಉಗುರಿನಿಂದ ಬದಿಗೆ ಸರಿಸಿದರೆ ತಾನೇ ಬಿಡುತ್ತದೆ.

ನೀರು ತಲೆಗೆ ಎರಡು ಲೀಟರ್, ಸ್ಟೀಲ್ ಬಾಟಲಿಯಲ್ಲಿ. ಬಾಳೆಲೆಯಲ್ಲಿ ಕಟ್ಟಿದ ಮೊಸರನ್ನ, ಮಿಡಿ ಉಪ್ಪಿನಕಾಯಿ, ಹಲಸಿನ ಸೋಂಟೆ, ನೇಂದ್ರ ಬಾಳೆಹಣ್ಣು. ಆ ಎಲೆಯನ್ನೂ ವಾಪಸು ತರುವುದು. ಒಂದು ಟಾರ್ಚ್, ಉಳುಕಿಗೆ ಸುತ್ತುವ ಬ್ಯಾಂಡೇಜ್. ಮ್ಯಾಪ್ ಮನೆಯಲ್ಲೇ ಡೌನ್‌ಲೋಡ್.

ರಾಣಿಪುರದ ಹಳೇ ಹೆಸರು ಮಾಡತ್ತುಮಲ. ಚಿಕ್ಕಪ್ಪ ಈಗಲೂ ಹಾಗೇ ಹೇಳುವುದು. ನಿನ್ನೆ ಫೋನ್ ಮಾಡಿದ್ದರು. "ಎಲ್ಲ ಸರಿ ಮಾರಾಯ, ಆದರೆ ಕೊಡೆ ಮಾತ್ರ ನಾನು ಬಿಡುವುದಿಲ್ಲ, ಬೇಕಾದರೆ ಬಿದಿರು ಕಾಲಿನದ್ದು ಹುಡುಕುತ್ತೇನೆ." ನೀರ್ಚಾಲು ಕಡೆ ಯಾರ ಅಟ್ಟದಲ್ಲಾದರೂ ಹಳೇ ಬಿದಿರು ಕೊಡೆ ಇದ್ದರೆ ಒಂದು ಮೆಸೇಜ್ ಹಾಕಿ. ನಮ್ಮ ಅಟ್ಟ, ಮಲಯಾಳದ್ದಲ್ಲ.